ಸೈಕಲ್‌ಗೆ ಹಿಂದಿನಿಂದ ಕಾರು ಗುದ್ದಿದೆ, ಕಾಗದದಲ್ಲಿ ಮಾತ್ರ ‘ಅಡ್ಡ ಬಂದ’ ಅಂತಿದೆ. ಏನು ಮಾಡೋದು?

ವಾರ್ಜೆ ಸುಮಾ · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಾವು ಧಾರವಾಡದವರು, ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ತಮ್ಮ ನಮ್ಮ ಜೊತೆಯೇ ಇದ್ದಾನೆ. ವಾರಕ್ಕೆ ಮೂರು ದಿನ ಬೆಳಗಿನ ಜಾವ ಸೈಕಲ್ ತುಳಿಯುತ್ತಾನೆ. ಕಳೆದ ಗುರುವಾರ 5.40ರ ಹೊತ್ತಿಗೆ ಒಂದು ಕಾರು ಅವನಿಗೆ ಗುದ್ದಿದೆ. ಕಾಲರ್ ಬೋನ್ ಮುರಿದಿದೆ, ಮೂರು ಪಕ್ಕೆಲುಬು ಹೋಗಿವೆ, ತಲೆಗೂ ಪೆಟ್ಟು. ಮೂರು ದಿನ ಐಸಿಯುನಲ್ಲಿದ್ದ, ಈಗ ವಾರ್ಡಿಗೆ ಬಂದಿದ್ದಾನೆ. ಮಾತಾಡುತ್ತಾನೆ, ಆದರೆ ಆ ಬೆಳಿಗ್ಗೆ ಮನೆಯಿಂದ ಹೊರಟಿದ್ದೂ ನೆನಪಿಲ್ಲ.

ಕಾರಿನವನು ಓಡಿ ಹೋಗಲಿಲ್ಲ. ಅವನೇ ಆಸ್ಪತ್ರೆಗೆ ಸೇರಿಸಿದ. ಅದಕ್ಕೆ ಅವನಿಗೆ ಕೈ ಮುಗಿಯುತ್ತೇನೆ. ಆದರೆ ಅಲ್ಲಿಂದ ಸೀದಾ ಠಾಣೆಗೆ ಹೋಗಿ ಹೇಳಿಕೆ ಕೊಟ್ಟಿದ್ದಾನೆ. ಅದರಲ್ಲಿ ಮರಾಠಿಯಲ್ಲಿ ‘ಸೈಕಲ್‌ಸ್ವಾರ ಅಚಾನಕ್ ಆಡವಾ ಆಲಾ’ ಅಂತಿದೆ. ದಿಢೀರ್ ಅಂತ ಅಡ್ಡ ಬಂದ ಎಂದು. ಕತ್ತಲಿತ್ತು, ಸೈಕಲ್‌ಗೆ ಲೈಟೂ ಇರಲಿಲ್ಲ ಅಂತಲೂ ಸೇರಿಸಿದ್ದಾನೆ. ಅಷ್ಟೇ, ಅದೇ ದಾಖಲೆ. ಎಫ್‌ಐಆರ್ ಇನ್ನೂ ಆಗಿಲ್ಲ. ‘ಸಮಜೂತಾ (ರಾಜಿ) ಮಾಡಿಕೊಳ್ಳಿ, ಇಪ್ಪತ್ತು ಸಾವಿರ ಕೊಡಿಸುತ್ತೇವೆ’ ಅಂತ ಠಾಣೆಯಲ್ಲಿ ಹೇಳುತ್ತಿದ್ದಾರೆ.

ಗುರುವಾರ ಸಂಜೆ ಏಳಕ್ಕೆ ನಾನೂ ನಮ್ಮವರೂ ಠಾಣೆಗೆ ಹೋಗಿದ್ದೆವು. ಹಿತ್ತಲಲ್ಲಿ ಜಪ್ತಿ ಮಾಡಿದ ಬೈಕುಗಳ ರಾಶಿ, ಅದರ ಮೇಲೆ ನಮ್ಮ ಸೈಕಲ್. ಹಿಂದಿನ ಚಕ್ರ ಸುಟ್ಟ ಹಪ್ಪಳದ ಹಾಗೆ ಸೊಟ್ಟ ಆಗಿತ್ತು. ಸೀಟಿನ ಕೆಳಗೆ ಕೆಂಪು ಲೈಟು ಇನ್ನೂ ಮಿನುಗುತ್ತಲೇ ಇತ್ತು. ಹದಿಮೂರು ಗಂಟೆ ಆದಮೇಲೂ! ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ನಮ್ಮವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡರು.

ಯಾವ ರಸ್ತೆ, ಯಾವ ಠಾಣೆ ಅಂತ ಕೇಳಬೇಡಿ. ಪುಣೆಯ ಪಶ್ಚಿಮಕ್ಕೆ ಅಂದುಕೊಳ್ಳಿ. ಮುಂದೇನು ಮಾಡಬೇಕು, ಗೊತ್ತಿದ್ದವರು ಹೇಳಿ.

ಪಾಷಾಣ್ ಪಾಟೀಲ · ಸೋಮವಾರ, ರಾತ್ರಿ 9.58

ಬೇಗ ಹುಷಾರಾಗಲಿ. ಆದರೂ ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಇಂಥ ರಸ್ತೆಗಳಲ್ಲಿ ಕತ್ತಲಲ್ಲಿ ಸೈಕಲ್ ಯಾಕೆ ಬೇಕು? ಹೆಲ್ಮೆಟ್ ಇತ್ತಾ?

ವಾರ್ಜೆ ಸುಮಾ · ಸೋಮವಾರ, ರಾತ್ರಿ 10.05

ಇತ್ತು. ಎರಡು ಹೋಳಾಗಿದೆ. ಅದಕ್ಕೇ ಅವನು ಉಳಿದಿದ್ದಾನೆ.

ಚಾಕಣ್ ಮೆಕ್ಯಾನಿಕ್ · ಸೋಮವಾರ, ರಾತ್ರಿ 10.20

ಪಾಟೀಲರೇ, ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಸೈಕಲ್ ಹೋಗೋ ಹಾಗಿಲ್ಲ, ಬೈಕೂ ಹೋಗೋ ಹಾಗಿಲ್ಲ. ಉಳಿದ ರಸ್ತೆ ಸೈಕಲ್‌ನದೂ ಹೌದು. ಇನ್ನು ಸೈಕಲ್ ಟ್ರ್ಯಾಕ್ ಇದೆಯಲ್ಲ ಅನ್ನುತ್ತೀರಾ? ಸಾತಾರಾ ರಸ್ತೆಯ ಟ್ರ್ಯಾಕ್ ಮೇಲೆ ಒಮ್ಮೆ ಹೋಗಿ ನೋಡಿ. ಒಂದು ಕಡೆ ಸ್ಕೂಟರ್ ನಿಂತಿರುತ್ತೆ, ಇನ್ನೊಂದು ಕಡೆ ವಡಾಪಾವ್ ಗಾಡಿ. 2017ರ ಡಿಸೆಂಬರ್‌ನಲ್ಲಿ ಪಾಲಿಕೆ ಇಡೀ ಊರಿಗೆ ಸೈಕಲ್ ಯೋಜನೆ ಒಪ್ಪಿಕೊಂಡಿತ್ತು. ಒಂದು ಕಾಲಕ್ಕೆ ಸೈಕಲ್‌ಗಳ ಊರು ಅನ್ನಿಸಿಕೊಂಡ ಪುಣೆ ಇದು. ಇರಲಿ, ಅದು ಬೇರೆ ಜಗಳ.

ಸುಮಾ ಅಕ್ಕ, ನಾನು ಕಾರ್ಖಾನೆಯಲ್ಲಿ ಬ್ರೇಕ್ ವಿಭಾಗದಲ್ಲಿ ಕೆಲಸ ಮಾಡುವವನು. ನಿಮಗೆ ಸಾಕ್ಷಿ ಹೊರಗೆಲ್ಲೂ ಹುಡುಕಬೇಕಿಲ್ಲ, ಆ ಸೈಕಲ್ಲೇ ಇದೆ. ಅಡ್ಡ ಬಂದ ಸೈಕಲ್‌ಗೆ ಪೆಟ್ಟು ಪಕ್ಕಕ್ಕೆ ಬೀಳುತ್ತೆ. ಪೆಡಲ್ ಬಾಗುತ್ತೆ, ಫ್ರೇಮಿನ ನಡುವೆ ಹೊಡೆತ ಇರುತ್ತೆ, ಕಾರಿನ ಬಣ್ಣ ಪಕ್ಕದಲ್ಲಿ ಮೆತ್ತಿರುತ್ತೆ. ಹಿಂದಿನಿಂದ ಗುದ್ದಿದರೆ ಹಿಂದಿನ ಚಕ್ರ ಮಡಚುತ್ತೆ, ಮುಂದಿನದು ಬಹಳ ಸಲ ನೆಟ್ಟಗೇ ಉಳಿಯುತ್ತೆ. ನಿಮ್ಮ ಸೈಕಲ್‌ನ ಮುಂದಿನ ಚಕ್ರ ಹೇಗಿದೆ?

ವಾರ್ಜೆ ಸುಮಾ · ಸೋಮವಾರ, ರಾತ್ರಿ 10.31

ಈಗ ಫೋಟೋ ದೊಡ್ಡದು ಮಾಡಿ ನೋಡಿದೆ. ಮುಂದಿನ ಚಕ್ರಕ್ಕೆ ಏನೂ ಆಗಿಲ್ಲ. ಎರಡೂ ಪೆಡಲ್ ಸರಿ ಇವೆ. ಹಿಂದೆ ಗೇರಿನ ಹತ್ತಿರ ಬಿಳಿ ಬಣ್ಣ ಮೆತ್ತಿದೆ. ಕಾರು ಬಿಳಿ.

ಚಾಕಣ್ ಮೆಕ್ಯಾನಿಕ್ · ಸೋಮವಾರ, ರಾತ್ರಿ 10.36

ನಾಳೆಯೇ ಠಾಣೆಗೆ ಬರೆದು ಕೊಡಿ: ಸೈಕಲ್ ಒರೆಸಬಾರದು, ಜಾಗ ಬದಲಾಯಿಸಬಾರದು, ರಿಪೇರಿಗೆ ಬಿಡಬಾರದು. ಕಾರಿನ ಬಂಪರ್ ಬದಲಾಗುವ ಮೊದಲು ಅದರ ಫೋಟೋನೂ ಆಗಬೇಕು. ಆರ್‌ಟಿಓದ ಇನ್‌ಸ್ಪೆಕ್ಟರ್ ಬಂದು ಕಾರಿನ ಬ್ರೇಕ್ ನೋಡಿ ‘ಸುಸ್ಥಿತಿಯಲ್ಲಿದೆ’ ಅಂತ ಬರೆದು ಹೋಗುತ್ತಾರೆ. ಸೈಕಲ್ ಕಡೆ ತಿರುಗಿಯೂ ನೋಡುವುದಿಲ್ಲ, ಅದು ಮೋಟಾರು ವಾಹನ ಅಲ್ವಲ್ಲ. ಎರಡನ್ನೂ ಪಕ್ಕಪಕ್ಕ ನಿಲ್ಲಿಸಿ, ಎಲ್ಲಿಗೆ ಎಲ್ಲಿ ತಾಗಿದೆ ಅಂತ ಎತ್ತರ ಅಳೆಯಬೇಕು. ಅದನ್ನು ನೀವೇ ಬಾಯಿಬಿಟ್ಟು ಕೇಳಿ.

ಶಿವಾಜಿನಗರ ವಕೀಲ · ಸೋಮವಾರ, ರಾತ್ರಿ 11.15

ಸುಮಾ ಅವರೇ, ಅಪಘಾತ ಪರಿಹಾರದ ಕೇಸು ನಡೆಸುತ್ತೇನೆ. ಮೊದಲು ಸಮಜೂತಾ ಅನ್ನೋ ಮಾತು ಬಿಡಿ. ಕಾರಿಗೆ ಚಾಲ್ತಿ ವಿಮೆ ಇದ್ದು, ಲೈಸೆನ್ಸ್ ಸರಿಯಿದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ, ಚಾಲಕನ ಜೇಬಲ್ಲ. ಇದು ಎಷ್ಟೋ ಚಾಲಕರಿಗೇ ಗೊತ್ತಿಲ್ಲ. ಗೊತ್ತಿದ್ದರೆ ಅರ್ಧ ಜನ ‘ಅಡ್ಡ ಬಂದ’ ಅನ್ನುತ್ತಿರಲಿಲ್ಲ.

ಎಫ್‌ಐಆರ್ ವಿಷಯ. 2024ರ ಜುಲೈ 1ರಿಂದ ಹೊಸ ಕಾನೂನು. ಬೇಜವಾಬ್ದಾರಿ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 281, ತೀವ್ರ ಗಾಯಕ್ಕೆ 125(ಬಿ). ಇವು ಪೊಲೀಸರು ದಾಖಲಿಸಲೇಬೇಕಾದ ಅಪರಾಧ. ನೀವು ಬರೆದು ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ತಗೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 173(4)ರ ಪ್ರಕಾರ ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್. ದಾಖಲಾದ ಎಫ್‌ಐಆರ್‌ನ ಪ್ರತಿ ಪುಕ್ಕಟೆ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು, ಅದೂ ಕಾನೂನಿನಲ್ಲೇ ಇದೆ.

ಇನ್ನೊಂದಿದೆ, ಠಾಣೆಯಲ್ಲಿ ಬಹಳ ಜನ ಹೇಳುವುದಿಲ್ಲ. 2022ರ ಏಪ್ರಿಲ್ 1ರಿಂದ ಅಪಘಾತ ತನಿಖೆಗೆ ಪ್ರತ್ಯೇಕ ನಿಯಮ ಬಂದಿದೆ. 48 ಗಂಟೆಯಲ್ಲಿ ಮೊದಲ ವರದಿ ಪರಿಹಾರ ಟ್ರಿಬ್ಯೂನಲ್‌ಗೆ ಹೋಗಬೇಕು, 90 ದಿನದಲ್ಲಿ ವಿವರವಾದ ವರದಿ. ಸ್ಥಳದ ನಕ್ಷೆಗೆ, ವಾಹನ ತಪಾಸಣೆಗೆ ಬೇರೆ ಬೇರೆ ನಮೂನೆಗಳಿವೆ. ‘ಮೊದಲ ವರದಿ ಹೋಗಿದೆಯಾ?’ ಅಂತ ಒಂದು ಪ್ರಶ್ನೆ ಕೇಳಿ ಸಾಕು, ಎದುರಿಗಿದ್ದವರು ನೆಟ್ಟಗೆ ಕೂರುತ್ತಾರೆ. ಮತ್ತೆ, ಪರಿಹಾರದ ಅರ್ಜಿಗೆ ಆರು ತಿಂಗಳ ಗಡುವು. ಮೈ ಹುಷಾರಾಗಲಿ ಆಮೇಲೆ ನೋಡೋಣ ಅಂತ ಕೂತರೆ ಕೆಟ್ಟಿರಿ.

ವಾರ್ಜೆ ಸುಮಾ · ಮಂಗಳವಾರ, ಬೆಳಿಗ್ಗೆ 7.10

ವಕೀಲ ಸರ್, ಸ್ಥಳ ನೋಡಿ ಬರೆಯುವ ಪಂಚನಾಮೆ ಅಂದರೆ ನಮ್ಮ ಕಡೆ ಮಹಜರು ಅಂತಾರಲ್ಲ, ಅದೇ ಅಲ್ವಾ? ಠಾಣೆಯಲ್ಲಿ ನೋಡಲು ಕೊಟ್ಟರು, ಪ್ರತಿ ಕೊಡಲಿಲ್ಲ. ಒಂದು ಪುಟ. ರಸ್ತೆ ಡಾಂಬರು, ಅಗಲ ಇಷ್ಟು, ಬೀದಿದೀಪ ಇದೆ ಅಂತ ಬರೆದಿದ್ದಾರೆ. ಎಲ್ಲಿ ಗುದ್ದಿದ್ದು, ಎಲ್ಲಿ ಬಿದ್ದಿದ್ದು, ಒಂದು ಅಳತೆಯೂ ಇಲ್ಲ.

ಶಿವಾಜಿನಗರ ವಕೀಲ · ಮಂಗಳವಾರ, ಬೆಳಿಗ್ಗೆ 8.02

ಅದೇ. ಇಲ್ಲಿನ ಎಫ್‌ಐಆರ್‌ಗಳಲ್ಲಿ ಒಂದು ಸಿದ್ಧ ಸಾಲು ಇರುತ್ತೆ, ‘ಹಯಗಯೀನೆ, ಅವಿಚಾರಾನೆ, ಭರಧಾವ್ ವೇಗಾತ್’. ಕರ್ನಾಟಕದಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಅಂತ ಬರೆಯುತ್ತಾರಲ್ಲ, ಅದರ ಮರಾಠಿ ಅಣ್ಣ. ಅಳೆಯದೆ ಬರೆಯುವ ಸಾಲು ಇದು. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ ಎಪ್ಪತ್ತೊಂದು ಸಾವು ‘ಅತಿವೇಗ’ದ ಲೆಕ್ಕಕ್ಕೆ ಹೋಗಿದೆ. ಎಷ್ಟು ಕಡೆ ಟೇಪು ಹಿಡಿದು ಅಳೆದಿರಬಹುದು, ನೀವೇ ಊಹಿಸಿ.

ಕಲಬುರಗಿ ಕ್ಯಾಬ್ · ಮಂಗಳವಾರ, ಮಧ್ಯಾಹ್ನ 2.25

ಎಲ್ಲರೂ ಸೈಕಲ್ ಪರ ಬರೆಯುತ್ತಿದ್ದೀರಿ. ಗಾಡಿ ಓಡಿಸುವವನ ಮಾತೂ ಕೇಳ್ರಿ. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಲೈಟಿಲ್ಲದ ಸೈಕಲ್, ರಾಂಗ್ ಸೈಡಿನ ಸೈಕಲ್, ಕಿವಿಯಲ್ಲಿ ಹಾಡು ಹಾಕಿಕೊಂಡ ಸೈಕಲ್ ದಿನಾ ನೋಡುತ್ತೇನೆ. ಏನೇ ಆದರೂ ದೊಡ್ಡ ಗಾಡಿಯದೇ ತಪ್ಪು. 2019ರಲ್ಲಿ ಒಬ್ಬ ನನ್ನ ಗಾಡಿಗೆ ತಾನೇ ಬಂದು ಗುದ್ದಿದ. ನಾನು ಇಳಿದು ಎತ್ತಲು ಹೋದರೆ ಜನ ಸೇರಿ ನನಗೇ ಹೊಡೆದರು. ಮುಂದಿನ ಹಲ್ಲು ಒಂದು ನಕಲಿ, ಅವತ್ತಿನದು. ಚಾಲಕರು ಯಾಕೆ ಓಡುತ್ತಾರೆ ಅಂತ ಕೇಳುತ್ತೀರಲ್ಲ, ಇದಕ್ಕೇ.

ಶಿವಾಜಿನಗರ ವಕೀಲ · ಮಂಗಳವಾರ, ಮಧ್ಯಾಹ್ನ 3.05

ನಿಮ್ಮ ಮಾತು ಸುಳ್ಳಲ್ಲ ಅಣ್ಣ. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕನ ಹೊಣೆ ಅನ್ನುತ್ತೆ. ಅದೇ ಕಲಂ, ಜನರ ಗುಂಪು ರೊಚ್ಚಿಗೆದ್ದು ಆ ಕೆಲಸ ಆಗದ ಹಾಗಿದ್ದರೆ ವಿನಾಯಿತಿಯನ್ನೂ ಕೊಡುತ್ತೆ. ಕಾನೂನು ಬರೆದವರಿಗೂ ನಿಮ್ಮ ಹಲ್ಲಿನ ಕಥೆ ಗೊತ್ತಿತ್ತು ಅಂತಾಯಿತು. ಅಂಥ ಸಂದರ್ಭದಲ್ಲಿ ಹತ್ತಿರದ ಠಾಣೆಗೆ ಹೋಗಿ ತಿಳಿಸಬೇಕು. ಸರಿಯಾದ ತನಿಖೆ ನಿಮಗೂ ಬೇಕು. ಅಳತೆ ಇದ್ದಿದ್ದರೆ ಅವತ್ತು ನೀವು ಬಚಾವಾಗುತ್ತಿದ್ದಿರಿ.

ಕಲಬುರಗಿ ಕ್ಯಾಬ್ · ಮಂಗಳವಾರ, ಮಧ್ಯಾಹ್ನ 3.20

ಅದು ಖರೆ. ಅವತ್ತು ಯಾರೂ ಅಳೆಯಲಿಲ್ಲ. ಎಂಟು ಸಾವಿರ ಕೊಟ್ಟು ಬಂದೆ.

ಕರ್ವೆ ರೋಡ್ ಸಿಸ್ಟರ್ · ಮಂಗಳವಾರ, ರಾತ್ರಿ 11.50

ಡ್ಯೂಟಿ ಮುಗಿಸಿ ಈಗ ನೋಡಿದೆ. ತುರ್ತು ವಿಭಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವಳು ನಾನು. ಎರಡು ವಿಷಯ.

ಒಂದು, ಬಟ್ಟೆ. ನಾವು ಬಟ್ಟೆ ಕತ್ತರಿಸಿ ತೆಗೆಯುತ್ತೇವೆ, ಮನೆಯವರು ರಕ್ತ ನೋಡಲಾಗದೆ ಕಸಕ್ಕೆ ಹಾಕುತ್ತಾರೆ. ಹಾಕಬೇಡಿ, ಒಗೆಯಲೂ ಬೇಡಿ. ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ಬೂಸ್ಟು ಹಿಡಿಯುತ್ತೆ. ಹೆಲ್ಮೆಟ್, ಶೂ ಕೂಡ.

ಎರಡು, ತಮ್ಮನ ಹೇಳಿಕೆ. ತಲೆಗೆ ಪೆಟ್ಟು ಬಿದ್ದವರಿಗೆ ಆ ಹೊತ್ತಿನ ನೆನಪು ಹೋಗುವುದು ಮಾಮೂಲು. ಎಷ್ಟೋ ಸಲ ಮರಳಿ ಬರುವುದೇ ಇಲ್ಲ. ಪೊಲೀಸರು ಬಂದು ‘ನೀವು ಅಡ್ಡ ಬಂದಿರಾ?’ ಅಂತ ಕೇಳಿದರೆ, ಅರ್ಧ ನಿದ್ದೆಯಲ್ಲಿ ‘ಇರಬಹುದು’ ಅಂದುಬಿಡುತ್ತಾರೆ. ನಾನೇ ಕಣ್ಣಾರೆ ನೋಡಿದ್ದೇನೆ. ಹೇಳಿಕೆ ಕೊಡುವ ಸ್ಥಿತಿಯಲ್ಲಿದ್ದಾನಾ ಅಂತ ಡಾಕ್ಟರ್ ಬರೆದ ಮೇಲೆಯೇ ಮಾತಾಡಿಸಲಿ. ಗೊತ್ತಿಲ್ಲದ್ದಕ್ಕೆ ‘ನೆನಪಿಲ್ಲ’ ಅಂದರೆ ಸಾಕು. ಅದು ತಪ್ಪೊಪ್ಪಿಗೆ ಅಲ್ಲ.

ಹಾಂ, ಗಾಯದ ಪಟ್ಟಿಯಲ್ಲಿ ಮೀನಖಂಡದ ಹಿಂಭಾಗ, ತೊಡೆಯ ಹಿಂಭಾಗ ಬರೆದಿದ್ದಾರಾ ನೋಡಿ. ಮುರಿದ ಮೂಳೆ ಬರೆಯುವ ಅವಸರದಲ್ಲಿ ಜಜ್ಜಿದ ಗಾಯ ಬಿಟ್ಟುಹೋಗುತ್ತೆ. ಪೆಟ್ಟು ಯಾವ ಕಡೆಯಿಂದ ಬಂತು ಅಂತ ಹೇಳುವುದು ಅದೇ.

ಪಾಷಾಣ್ ಪಾಟೀಲ · ಬುಧವಾರ, ಬೆಳಿಗ್ಗೆ 6.45

ಸಿಸ್ಟರ್, ಚಾಲಕನ ರಕ್ತ ಪರೀಕ್ಷೆ? 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಬಾರದು. ಆದರೆ ಹೊತ್ತು ಕಳೆದಂತೆ ಅದು ಇಳಿಯುತ್ತಾ ಹೋಗುತ್ತಲ್ಲ. 2024ರ ಮೇನಲ್ಲಿ ಕಲ್ಯಾಣಿ ನಗರದ ಪೋರ್ಷೆ ಕಾರು ಅಪಘಾತದ ಕೇಸಿನಲ್ಲಿ ಏನಾಯಿತು ಎಲ್ಲರಿಗೂ ಗೊತ್ತು. ರಕ್ತದ ಮಾದರಿಯನ್ನೇ ಬದಲಾಯಿಸಿದ ಆರೋಪದಲ್ಲಿ ಡಾಕ್ಟರುಗಳೇ ಜೈಲಿಗೆ ಹೋದರು.

ವಾರ್ಜೆ ಸುಮಾ · ಬುಧವಾರ, ಬೆಳಿಗ್ಗೆ 9.15

ಕೇಳಿದೆ. ಅವತ್ತು ಬೆಳಿಗ್ಗೆಯೇ ಪರೀಕ್ಷೆ ಮಾಡಿಸಿದ್ದಾರೆ, ಕುಡಿದಿರಲಿಲ್ಲ. ವಿಮಾನ ನಿಲ್ದಾಣಕ್ಕೆ ಹೊರಟವನಂತೆ.

ಸಿಸ್ಟರ್ ಹೇಳಿದ್ದು ಸರಿ. ಎಡಗಾಲಿನ ಹಿಂದೆ ಅಂಗೈ ಅಗಲದ ನೀಲಿ ಗಾಯ ಇದೆ, ಪಟ್ಟಿಯಲ್ಲಿ ಇರಲಿಲ್ಲ. ಡಾಕ್ಟರಿಗೆ ತೋರಿಸಿದೆ, ಸೇರಿಸಿ ಸಹಿ ಹಾಕಿದರು. ಎಫ್‌ಐಆರ್ ನಿನ್ನೆ ರಾತ್ರಿ ಆಯಿತು! ‘ಮೊದಲ ವರದಿ ಹೋಗಿದೆಯಾ’ ಅಂತ ಕೇಳಿದ್ದಕ್ಕೆ ಸಾಹೇಬರು ನನ್ನ ಮುಖ ಎರಡು ಸಲ ನೋಡಿದರು. ಕೆಟ್ಟವರಲ್ಲ ಪಾಪ. ಒಬ್ಬರ ಮೇಜಿನ ಮೇಲೆ ಎಷ್ಟು ಫೈಲು, ಮೇಲೆ ಬಂದೋಬಸ್ತ್ ಬೇರೆ.

ಸೈಕಲ್ ಮೇಲೆ ಜಿಪಿಎಸ್ ಮೀಟರ್ ಇತ್ತು. ಅದರಲ್ಲಿ 26 ಕಿಲೋಮೀಟರ್ ವೇಗ ತೋರಿಸಿ ಒಮ್ಮೆಲೇ ಸೊನ್ನೆ ಆಗಿದೆ. ಗೆರೆ ನೆಟ್ಟಗಿದೆ, ಎಲ್ಲೂ ತಿರುಗಿಲ್ಲ.

ಚಾಕಣ್ ಮೆಕ್ಯಾನಿಕ್ · ಬುಧವಾರ, ಬೆಳಿಗ್ಗೆ 9.40

ಒಳ್ಳೆಯದು, ಆದರೆ ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ಜಿಪಿಎಸ್ ಮೂರು ಮೀಟರ್, ಐದು ಮೀಟರ್ ಆಚೀಚೆ ತೋರಿಸುತ್ತೆ. ರಸ್ತೆ ದಾಟುತ್ತಿರಲಿಲ್ಲ ಅಂತ ಹೇಳಬಹುದು. ಎಡ ಅಂಚಿನಲ್ಲೇ ಇದ್ದ ಅಂತ ಹೇಳಲು ಬರುವುದಿಲ್ಲ.

ಶಿವಾಜಿನಗರ ವಕೀಲ · ಬುಧವಾರ, ಬೆಳಿಗ್ಗೆ 10.10

ಆ ಫೈಲು, ಲೈಟಿನ ವಿಡಿಯೋ ಎರಡನ್ನೂ ಮೂಲ ಸಾಧನದಲ್ಲೇ ಉಳಿಸಿ. ಇಂಥ ಡಿಜಿಟಲ್ ದಾಖಲೆ ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅಂಗಡಿಗಳ ಸಿಸಿಟಿವಿ ಇವತ್ತೇ ಕೇಳಿ. ಕೆಲವೇ ದಿನಕ್ಕೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತೆ.

ಹಡಪ್ಸರ್ ಯಾದಗಿರಿ · ಬುಧವಾರ, ಸಂಜೆ 6.30

ಎಲ್ಲ ಓದಿದೆ. ಜಿಪಿಎಸ್, ಹೆಲ್ಮೆಟ್, ಲೈಟು, ವಕೀಲರು. ಚಲೋ ಆಯಿತು. ನಮ್ಮ ಕಡೆಯ ಹುಡುಗರು ಇಲ್ಲಿ ವಾಚ್‌ಮನ್ ಕೆಲಸ ಮಾಡುತ್ತಾರೆ, ಸೆಂಟ್ರಿಂಗ್ ಕೆಲಸ ಮಾಡುತ್ತಾರೆ. ಕ್ಯಾರಿಯರ್‌ಗೆ ಬುತ್ತಿ ಕಟ್ಟಿಕೊಂಡು ರಾತ್ರಿ ಪಾಳಿಗೆ ಸೈಕಲ್ ಮೇಲೆ ಹೋಗುತ್ತಾರೆ. ನಮ್ಮ ಮಾವನ ಮಗನಿಗೆ ಹೋದ ವರ್ಷ ಯಾವುದೋ ಗಾಡಿ ಗುದ್ದಿ ಹೋಯಿತು. ಸೊಂಟ ಹೋಗಿದೆ, ಈಗ ಊರಲ್ಲಿದ್ದಾನೆ. ನಂಬರ್ ಯಾರೂ ನೋಡಲಿಲ್ಲ. ಅವನಿಗೆ ಯಾವ ಫೈಲು, ಯಾವ ಕಲಂ?

ಶಿವಾಜಿನಗರ ವಕೀಲ · ಬುಧವಾರ, ಸಂಜೆ 7.45

ಗುದ್ದಿ ಪರಾರಿಯಾದ ಕೇಸಿಗೆ ಸರ್ಕಾರದ ಪರಿಹಾರ ಇದೆ. ಸತ್ತರೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ಗಾಡಿ ಸಿಗದಿದ್ದರೂ ಕೊಡಬೇಕು. ಠಾಣೆಯಲ್ಲಿ ದಾಖಲಾಗಿದೆಯಾ, ಆಸ್ಪತ್ರೆಯ ಕಾಗದ ಇದೆಯಾ ಹುಡುಕಿ, ನನಗೆ ಸಂದೇಶ ಕಳಿಸಿ. ಫೀಸು ಬೇಡ.

ವಾರ್ಜೆ ಸುಮಾ · ಗುರುವಾರ, ರಾತ್ರಿ 9.00

ಒಬ್ಬ ಹಾಲಿನವನು ನೋಡಿದ್ದಾನೆ! ಆದರೆ ಠಾಣೆ ಮೆಟ್ಟಿಲು ಹತ್ತುವುದಿಲ್ಲ ಅಂತಾನೆ. ಸಹಾಯ ಮಾಡಿದವರಿಗೆ 134ಎ ಕಲಮಿನ ರಕ್ಷಣೆ ಇದೆ, ಯಾರೂ ಪೀಡಿಸುವ ಹಾಗಿಲ್ಲ ಅಂದೆ. ‘ತಾಯೀ, ನಾಲ್ಕು ಗಂಟೆಗೆ ಎದ್ದು ಎಂಬತ್ತು ಮನೆಗೆ ಹಾಲು ಹಾಕಬೇಕು’ ಅಂದ. ಬಲವಂತ ಮಾಡಲಿಲ್ಲ.

ಕಲಬುರಗಿ ಕ್ಯಾಬ್ · ಗುರುವಾರ, ರಾತ್ರಿ 9.35

ಅಕ್ಕಾ, ಒಂದು ಮಾತು. ಆ ಲೈಟು ಕಾಣಿಸುತ್ತಿತ್ತೋ ಇಲ್ಲವೋ ಅಂತ ಇಲ್ಲಿ ಕೂತು ಎಷ್ಟು ಮಾತಾಡುತ್ತೀರಿ? ಶನಿವಾರ 5.40ಕ್ಕೆ ನನ್ನ ಗಾಡಿ ತರುತ್ತೇನೆ. ಅದೇ ಕಂಪನಿಯ ಲೈಟು ಇನ್ನೊಂದು ತಗೊಳ್ರಿ. ನೋಡೇ ಬಿಡೋಣ. ಕಾಣದಿದ್ದರೆ ಕಾಣಲಿಲ್ಲ ಅಂತಲೇ ಹೇಳುತ್ತೇನೆ.

ಶಿವಾಜಿನಗರ ವಕೀಲ · ಗುರುವಾರ, ರಾತ್ರಿ 9.50

ನೀವು ಮಾಡಿದ್ದು ಸಾಕ್ಷ್ಯ ಆಗುವುದಿಲ್ಲ. ಆದರೂ ಮಾಡಿ. ಆಮೇಲೆ ಪಂಚರ (ಪಂಚನಾಮೆಯ ಸಾಕ್ಷಿಗಳ) ಮುಂದೆ ಮತ್ತೊಮ್ಮೆ ಮಾಡಿ ಅಂತ ತನಿಖಾಧಿಕಾರಿಗೆ ಬರೆದು ಕೇಳಬಹುದು.

ವಾರ್ಜೆ ಸುಮಾ · ಶನಿವಾರ, ಬೆಳಿಗ್ಗೆ 8.20

ಹೋಗಿ ಬಂದೆವು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಮ್ಮವರು ಪಕ್ಕದ ಮನೆಯ ಸೈಕಲ್‌ಗೆ ಹೊಸ ಲೈಟು ಹಾಕಿಕೊಂಡು, ಗಾಜಿನ ಚೂರು ಇನ್ನೂ ಬಿದ್ದಿದ್ದ ಜಾಗದಲ್ಲಿ ಎಡ ಅಂಚಿಗೆ ನಿಂತರು. ನಾನು ಕ್ಯಾಬ್ ಅಣ್ಣನ ಪಕ್ಕ ಕೂತೆ. ಡಿಪ್ ಲೈಟಿನಲ್ಲೇ ಬಂದರು. ಒಂದು ದೊಡ್ಡ ಜಾಹೀರಾತು ಫಲಕ ದಾಟುತ್ತಿದ್ದ ಹಾಗೆ ‘ಕಂಡಿತು’ ಅಂದರು, ಬಾಯಲ್ಲಿ ಎಣಿಸತೊಡಗಿದರು. 60ರ ವೇಗ. ಒಂದು, ಎರಡು, ಮೂರು… ಸೈಕಲ್ ಹತ್ತಿರ ಬಂದಾಗ ಒಂಬತ್ತು. ಆಮೇಲೆ ನಡೆದು ಅಳೆದೆವು, ಹೆಚ್ಚುಕಮ್ಮಿ 150 ಮೀಟರ್.

ನನಗೆ ಕುಣಿಯುವಷ್ಟು ಖುಷಿ. ಅಣ್ಣ ಮಾತ್ರ ಸುಮ್ಮನಿದ್ದರು. ‘ಅಕ್ಕಾ, ಆ ಟ್ಯಾಂಕರ್ ನೋಡಿದಿರಾ?’ ಅಂದರು. ಗಾಜು ಬಿದ್ದ ಜಾಗಕ್ಕೆ ಸ್ವಲ್ಪ ಹಿಂದೆ ಒಂದು ನೀರಿನ ಟ್ಯಾಂಕರ್ ನಿಂತಿತ್ತು. ಲೈಟಿಲ್ಲ, ಹಿಂದೆ ರಿಫ್ಲೆಕ್ಟರೂ ಇಲ್ಲ. ದಿನಾ ರಾತ್ರಿ ಅಲ್ಲೇ ನಿಲ್ಲುತ್ತಂತೆ, ಚಹಾದಂಗಡಿಯವನು ಹೇಳಿದ. ನಮ್ಮವರನ್ನು ಹಿಂದಿನಿಂದ ಸೈಕಲ್ ತುಳಿದುಕೊಂಡು ಬರಲು ಹೇಳಿದೆವು. ಟ್ಯಾಂಕರ್ ಹತ್ತಿರ ಬಂದಾಗ ಅವರೂ ಬಲಕ್ಕೆ ಸರಿದರು. ಸರಿಯಲೇಬೇಕು, ಬೇರೆ ದಾರಿಯಿಲ್ಲ.

‘ಒಂಬತ್ತು ಸೆಕೆಂಡು ಕಂಡವನು ವೇಗ ಇಳಿಸಬೇಕಿತ್ತು, ಅದು ಅವನ ತಪ್ಪೇ. ಆದರೆ ನಾನಾಗಿದ್ದರೂ ಅಡ್ಡ ಬಂದ ಅಂತಲೇ ಹೇಳುತ್ತಿದ್ದೆ’ ಅಂದರು ಅಣ್ಣ.

ಚಾಕಣ್ ಮೆಕ್ಯಾನಿಕ್ · ಶನಿವಾರ, ಬೆಳಿಗ್ಗೆ 8.50

ಪಂಚನಾಮೆಯಲ್ಲಿ ಟ್ಯಾಂಕರ್ ಇದೆಯಾ?

ವಾರ್ಜೆ ಸುಮಾ · ಶನಿವಾರ, ಬೆಳಿಗ್ಗೆ 8.54

ಇಲ್ಲ. ಬೆಳಗಾದ ಮೇಲೆ ಪಂಚನಾಮೆ ಮಾಡಿದ್ದು. ಅಷ್ಟೊತ್ತಿಗೆ ಟ್ಯಾಂಕರ್ ನೀರು ತುಂಬಿಸಲು ಹೋಗಿರುತ್ತೆ.

ಶಿವಾಜಿನಗರ ವಕೀಲ · ಶನಿವಾರ, ಬೆಳಿಗ್ಗೆ 10.30

ಅಪಾಯ ಆಗುವ ಹಾಗೆ ವಾಹನ ನಿಲ್ಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ ಕಲಂ 122 ಇದೆ. ಟ್ಯಾಂಕರ್ ಮಾಲೀಕನೂ ಇದರೊಳಗೆ ಬರಬಹುದು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಮ್ಮ ಬಲಕ್ಕೆ ಸರಿದ ಅಂತ ನೀವೇ ಬರೆದು ಕೊಟ್ಟರೆ, ಹಿಂದೆ ನೋಡದೆ ಸರಿದ ಅಂತ ವಿಮಾ ಕಂಪನಿ ವಾದ ಮಾಡುತ್ತೆ. ಪರಿಹಾರದಲ್ಲಿ ನೂರಕ್ಕೆ ಹತ್ತೋ ಇಪ್ಪತ್ತೋ ಕಡಿತ ಆಗಬಹುದು. ಟ್ಯಾಂಕರ್ ವಿಷಯ ಎತ್ತಬೇಕೋ ಬೇಡವೋ, ಯೋಚಿಸಿ.

ವಾರ್ಜೆ ಸುಮಾ · ಭಾನುವಾರ, ರಾತ್ರಿ 10.15

ತಮ್ಮನನ್ನೇ ಕೇಳಿದೆ. ‘ಟ್ಯಾಂಕರ್ ವಿಷಯಾನೂ ಬರೆ ಅಕ್ಕಾ, ಅದು ನಾಳೆಯೂ ಅಲ್ಲೇ ನಿಂತಿರುತ್ತೆ’ ಅಂದ. ಅರ್ಜಿ ಬರೆದಿದ್ದೇನೆ, ಮೂರು ಪುಟ ಆಯಿತು. ಲೈಟು, ಹಿಂದಿನ ಚಕ್ರ, ಕಾಲಿನ ಗಾಯ, ಒಂಬತ್ತು ಸೆಕೆಂಡು, ಟ್ಯಾಂಕರ್ ಎಲ್ಲ ಇದೆ. ಮರಾಠಿ ತಪ್ಪುಗಳನ್ನು ಪಕ್ಕದ ಮನೆಯ ಕಾಕು ತಿದ್ದಿ ಕೊಟ್ಟರು.

ವಾರ್ಜೆ ಸುಮಾ · ಸೋಮವಾರ, ಮಧ್ಯಾಹ್ನ 1.40

ಕೊಟ್ಟು ಬಂದೆ. ಸೀಲು ಬಿತ್ತು. ಗುರುವಾರ ಬೆಳಿಗ್ಗೆ 5.30ಕ್ಕೆ ಪಂಚರ ಜೊತೆ ಸ್ಥಳಕ್ಕೆ ಬರುತ್ತೇವೆ ಅಂದಿದ್ದಾರೆ, ಟೇಪು ತರುತ್ತಾರಂತೆ.

ಕಲಬುರಗಿ ಕ್ಯಾಬ್ · ಸೋಮವಾರ, ಮಧ್ಯಾಹ್ನ 1.52

ಟೇಪು ನಾನೂ ತರುತ್ತೇನೆ. ಚಹಾ ನಿಮ್ಮದು.